ಮೆಲನಿಯ ಕೈ ಕಾಣುವಷ್ಟು ವೇಗ

ಶಿರ್ವದ ಜರ್ಟ್ರೂಡ್ ಕತಾರಿನ ಉತ್ತರ ತುದಿಯ ಒಂದು ಚಿಕ್ಕ ಹಳ್ಳಿಯಲ್ಲಿ ನರ್ಸ್ ಆಗಿದ್ದಳು. ರುವೈಸ್ ಪಟ್ಟಣ ದಾಟಿ ಇನ್ನೂ ಮುಂದೆ ಹೋಗಬೇಕು. ಆರೋಗ್ಯ ಕೇಂದ್ರದ ಹಿಂದೆಯೇ ಕ್ವಾರ್ಟರ್ಸು. ಗಂಡ ಸೈಮನ್ ಅಲ್ಲಿಂದಲೇ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗಳ ಗುತ್ತಿಗೆ ಕಂಪೆನಿಯೊಂದರ ಸ್ಟೋರ್ಸಿಗೆ ದಿನಾ ಕಾರಿನಲ್ಲಿ ಹೋಗಿಬರುತ್ತಿದ್ದ. ಅವರಿಗಿದ್ದವಳು ಒಬ್ಬಳೇ ಮಗಳು, ಮೆಲನಿ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಆ ಮನೆಯೊಳಗೆ ಮೂವರಿಗಷ್ಟೇ ಅರ್ಥವಾಗುವ ಒಂದು ಕೈಭಾಷೆ ತಾನಾಗಿ ಬೆಳೆದಿತ್ತು. ಮೀಸೆ ತೀಡಿದರೆ ಪಪ್ಪ. ಎದೆಯ ಮೇಲೆ, ನರ್ಸಿನ ಗಡಿಯಾರ ತೂಗುವ ಜಾಗದಲ್ಲಿ ತಟ್ಟಿದರೆ ಮಮ್ಮಿ. ಅಂಗೈ ಅಲೆಯಾಡಿಸಿದರೆ ಕಡಲು, ಹಾಗೇ ಕೆನ್ನೆ ಉಬ್ಬಿಸಿದರೆ ಈ ದಿನ ಗಾಳಿ ಜೋರು, ಕಡಲಿಗೆ ಬೇಡ. ಯಾರೂ ಕಲಿಸಿದ್ದಲ್ಲ. ಅನ್ನ ಉಣ್ಣುತ್ತ, ಜಗಳವಾಡುತ್ತ ಹುಟ್ಟಿದ ಮಾತು ಅದು.

ಮಗಳಿಗೆ ಒಂಬತ್ತಾಗುವ ಹೊತ್ತಿಗೆ ಶಾಲೆಯ ಚಿಂತೆ ದೊಡ್ಡದಾಯಿತು. ದೋಹಾದಲ್ಲಿ ಅವಳಿಗೆ ಹೊಂದುವ ಶಾಲೆ ಸಿಗಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಕಿವುಡ ಮಕ್ಕಳ ಶಾಲೆಗೆ ಸೇರಿಸಿ, ಅಲ್ಲೇ ಬಿಜೈಯಲ್ಲಿದ್ದ ಜರ್ಟ್ರೂಡಳ ತಂಗಿ ಬ್ರಿಜಿಟ್‌ಳ ಮನೆಯಲ್ಲಿ ಬಿಟ್ಟುಬಂದರು. ಎರಡು ಸಾವಿರದ ನಾಲ್ಕನೇ ಇಸವಿ ಅದು.

ಅಲ್ಲಿಂದ ಮುಂದೆ ಫೋನು ಬಂದರೆ ಮಾತಾಡುವವಳು ಬ್ರಿಜಿಟ್ ಮಾತ್ರ. "ಚೆನ್ನಾಗಿದ್ದಾಳೆ. ಊಟ ಮಾಡ್ತಾಳೆ. ಈಗ ನನ್ನ ಪಕ್ಕದಲ್ಲೇ ಇದ್ದಾಳೆ."

"ಅವಳ ಕೈಗೆ ರಿಸೀವರ್ ಕೊಡು ಒಮ್ಮೆ," ಎನ್ನುತ್ತಿದ್ದಳು ಜರ್ಟ್ರೂಡ್. ಆಚೆಯಿಂದ ಉಸಿರಾಟ ಕೇಳುತ್ತಿತ್ತು. ಅಷ್ಟೇ.

ಮರುವರ್ಷ ಬ್ರಿಜಿಟ್ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿ ಕ್ಯಾಮೆರಾ ತಂದಳು. ಇತ್ತ ಹಳ್ಳಿಯಲ್ಲಿದ್ದದ್ದು ಫೋನಿನ ತಂತಿಯಲ್ಲಿ ಕುಂಯ್‌ಗುಟ್ಟುವ ಡಯಲ್‌ಅಪ್. ಮಗಳ ಚಿತ್ರ ಬರುತ್ತಿತ್ತು, ಆದರೆ ನಿಂತು ನಿಂತು. ಒಮ್ಮೆ ಕೈ ಎದೆಯ ಬಳಿ ಇದ್ದರೆ ಮತ್ತೊಮ್ಮೆ ತಲೆಯ ಬಳಿ. ನಡುವೆ ಅವಳು ಹೇಳಿದ್ದೆಲ್ಲ ಎಲ್ಲೋ ಬಿದ್ದುಹೋಗುತ್ತಿತ್ತು. ದೋಹಾದ ಇಂಟರ್ನೆಟ್ ಕೆಫೆಗೂ ಕೆಲವು ಸಲ ಹೋದರು. ಬೆನ್ನ ಹಿಂದೆ ಕಾಯುತ್ತ ನಿಂತ ಗಂಡಸರು ತನ್ನತ್ತ ನೋಡುವುದು ಮೆಲನಿಗೆ ಅಲ್ಲಿಂದಲೇ ಕಂಡಿತು, ಮುಖ ಮುಚ್ಚಿಕೊಂಡಳು.

ಫೋನ್ ಲೈನ್ ರಿಪೇರಿಗೆ ಬಂದ ಮಂಡ್ಯದ ಲಕ್ಷ್ಮೀಪತಿಯನ್ನು ಜರ್ಟ್ರೂಡ್ ಬಾಗಿಲಲ್ಲೇ ಹಿಡಿದು ಕೇಳಿದಳು. "ಸಿಸ್ಟರ್, ತಪ್ಪು ನಿಮ್ಮ ಕಂಪ್ಯೂಟರ್‌ದಲ್ಲ," ಎಂದ ಅವನು. "ಎಕ್ಸ್‌ಚೇಂಜ್ ಬಲು ದೂರ. ಇಷ್ಟುದ್ದ ತಾಮ್ರದ ತಂತೀಲಿ ಬ್ರಾಡ್‌ಬ್ಯಾಂಡ್ ಬರಲ್ಲ. ಊರೊಳಗೇ ಒಂದು ಕ್ಯಾಬಿನೆಟ್, ಅಂದ್ರೆ ಕನೆಕ್ಷನ್ ಪೆಟ್ಟಿಗೆ, ಕೂರಿಸಬೇಕು."

"ಅದಕ್ಕೆ ಎಂಥ ಮಾಡ್ಬೇಕು?"

"ಬೇಕು ಅನ್ನೋ ಮನೆಗಳು ಜಾಸ್ತಿ ಆಗ್ಬೇಕು. ಒಬ್ಬರಿಗೋಸ್ಕರ ಅಲ್ಲೀತನಕ ಯಾರು ನೆಲ ಅಗೀತಾರೆ ಹೇಳಿ?"

ಊರಿನ ಹೆಣ್ಣುಮಕ್ಕಳ ಶಾಲೆಯ ಟೀಚರ್ ಝಾಹಿದಾ ಸಕ್ಕರೆ ಕಾಯಿಲೆಯ ತಪಾಸಣೆಗೆ ಬರುತ್ತಿದ್ದಳು. ಕತಾರಿ ಹೆಂಗಸು; ಗಟ್ಟಿ ದನಿ, ಮೃದು ಮನಸ್ಸು. ಜರ್ಟ್ರೂಡಳ ಅರಬ್ಬಿ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಕೇಳುವಷ್ಟಕ್ಕೇ ಸೀಮಿತ. ಮಗಳ ವಿಷಯವನ್ನೂ ಲೈನಿನ ವಿಷಯವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಝಾಹಿದಾ ಅಬಾಯ ಸರಿಮಾಡಿಕೊಂಡು ಎದ್ದು, "ಯಲ್ಲಾ, ಬಾ ನನ್ನ ಜೊತೆ," ಎಂದಳು.

ಹಲವು ಸಂಜೆ ಇಬ್ಬರೂ ಮನೆಮನೆ ತಿರುಗಿದರು. ಹೆಂಗಸರು ಕಾವಾ ಎಂಬ ಅರಬ್ಬಿ ಕಾಫಿ ಕುಡಿಸಿದರು, ಖರ್ಜೂರ ತಿನ್ನಿಸಿದರು, ಇಂಟರ್ನೆಟ್ ಮಾತ್ರ ಬೇಡವೆಂದರು. ಒಬ್ಬ ಮುದುಕಿಯಂತೂ, ಮಕ್ಕಳು ದೋಹಾದಲ್ಲಿದ್ದಾರೆ, ನನಗೆ ಫೋನೇ ಸಾಕೆಂದಳು. ಝಾಹಿದಾ ಕೇಳಿದಳು: "ಇವಳ ಮಗಳು ಮಾತಾಡೋದು ಕೈಯಲ್ಲಿ. ಫೋನಿನಲ್ಲಿ ಕೈ ಕೇಳಿಸುತ್ತದಾ, ಉಮ್ಮಾ?" ಮುದುಕಿ ತನ್ನ ಹೆಸರು ಹೇಳಿ ಬರೆದುಕೊಳ್ಳಲು ಹೇಳಿದಳು. ಆಮೇಲೆ ಉಳಿದವರೂ ಒಪ್ಪಿದರು. ಸೈಮನ್ ಅರ್ಜಿಗಳನ್ನೆಲ್ಲ ದೋಹಾಕ್ಕೆ ಒಯ್ದು ಕೊಟ್ಟ.

ಆಗುತ್ತದೆ ಎಂಬ ಉತ್ತರ ಬಂತು. ಯಾವಾಗ ಎಂಬುದು ಬರಲಿಲ್ಲ. ಬೇಸಿಗೆ ಕಳೆಯಲಿ ಎಂದರು, ರಸ್ತೆ ಅಗಲ ಮಾಡುವುದಿದೆ ಎಂದರು. ಹೊಂಡ ತೋಡಿ ಬಿಟ್ಟುಹೋದರು; ಗಾಳಿ ಮರಳು ತಂದು ಅದನ್ನು ತುಂಬಿತು. ಅದೇ ವರ್ಷ ಆರೋಗ್ಯ ಕೇಂದ್ರಕ್ಕೆ ಬದಲಿ ನರ್ಸ್ ಸಿಗದೆ ಊರಿಗೆ ಹೋಗುವ ಜರ್ಟ್ರೂಡಳ ವಾರ್ಷಿಕ ರಜೆಯನ್ನು ಮುಂದಿನ ವರ್ಷಕ್ಕೆ ಹಾಕೋಣವೇ ಎಂದು ಕೇಳಿದರು.

"ಇಲ್ಲ ಅಂತ ಹೇಳು," ಎಂದ ಸೈಮನ್. "ಹಟ ಹಿಡಿದ್ರೆ ಕೊಡ್ತಾರೆ."

"ಲೈನ್ ಬರ್ತದಲ್ಲ ಮಾರಾಯ. ಬಂದ್ರೆ ದಿನಾ ನೋಡ್ಬಹುದು. ಒಂದು ವರ್ಷ ತಾನೇ?"

ಅವಳು ಒಪ್ಪಿಕೊಂಡಳು. ಲೈನ್ ಬಂದದ್ದು ಎರಡು ಸಾವಿರದ ಏಳರ ಚಳಿಗಾಲದಲ್ಲಿ. ಆರೋಗ್ಯ ಕೇಂದ್ರದ ಗೋಡೆಯ ಪಕ್ಕ ಬೂದು ಬಣ್ಣದ ಪೆಟ್ಟಿಗೆಯೊಂದು ನಿಂತಿತು. ಲಕ್ಷ್ಮೀಪತಿ ತಾನೇ ಬಂದು ಮೋಡೆಮ್ ಜೋಡಿಸಿ, ಹಸಿರು ದೀಪ ಮಿನುಗುವುದು ನಿಲ್ಲುವವರೆಗೆ ಕುಳಿತು, ಚಹಾ ಕುಡಿದು ಹೋದ.

ಶುಕ್ರವಾರ ಮಧ್ಯಾಹ್ನ ಮೆಲನಿ ಪರದೆಯ ಮೇಲೆ ಬಂದಳು. ಹನ್ನೆರಡು ವರ್ಷದ ಹುಡುಗಿ, ಕತ್ತು ನೀಳವಾಗಿದೆ, ಕೂದಲು ಎತ್ತಿ ಕಟ್ಟಿದ್ದಾಳೆ. ಜರ್ಟ್ರೂಡ್ ಎದೆ ತಟ್ಟಿಕೊಂಡಳು. ಮಗಳು ನಕ್ಕು ಕೈ ಎತ್ತಿದಳು. ಬೆರಳುಗಳು ಒಂದೂ ತಡವರಿಸಲಿಲ್ಲ, ಒಂದು ಚಲನೆಯೂ ತಪ್ಪಿಹೋಗಲಿಲ್ಲ, ನೀರು ಹರಿದಂತೆ ಬಂತು ಅವಳ ಮಾತು. ಜರ್ಟ್ರೂಡಳಿಗೆ ಅದರಲ್ಲಿ ಒಂದೂ ತಿಳಿಯಲಿಲ್ಲ. ಮೆಲನಿ ಮತ್ತೆ ಮತ್ತೆ ತೋರುಬೆರಳನ್ನು ಮೂಗಿನ ಬದಿಗೆ ತಾಗಿಸುತ್ತಿದ್ದಳು.

"ಅವಳ ಮೂಗಿಗೆ ಎಂಥ ಆಗಿದೆ ಬ್ರಿಜಿಟ್? ಶೀತವಾ?"

ಹಿಂದಿನಿಂದ ಬ್ರಿಜಿಟ್‌ಳ ದನಿ ಬಂತು. "ಶೀತ ಅಲ್ಲ ಮಾರಾಯ್ತಿ. ಅದು ಮಮ್ಮಿ ಅಂತ. ಶಾಲೆಯ ಮಕ್ಕಳೆಲ್ಲ ಹಾಗೇ ಮಾಡುದು. ಮೂಗುತಿಯ ಲೆಕ್ಕ."

ಜರ್ಟ್ರೂಡಳ ಮೂಗಿನಲ್ಲಿ ಮೂಗುತಿ ಇರಲಿಲ್ಲ. ಅವಳು ಮತ್ತೊಮ್ಮೆ ಎದೆ ತಟ್ಟಿ, ಅಂಗೈ ಅಲೆಯಾಡಿಸಿ, ಕೆನ್ನೆ ಉಬ್ಬಿಸಿದಳು. ಮೆಲನಿ ಕೂಡಾ ಕೆನ್ನೆ ಉಬ್ಬಿಸಿದಳು, ಚಿಕ್ಕ ಮಗುವಿನ ಮನಸ್ಸು ನೋಯಬಾರದೆಂದು ದೊಡ್ಡವರು ಮಾಡುವ ಹಾಗೆ. ಮತ್ತೆ ಚಿಕ್ಕಮ್ಮನ ಕಡೆ ತಿರುಗಿ ಏನೋ ಹೇಳಿದಳು. ಇಬ್ಬರೂ ನಕ್ಕರು.

ಅಂದು ಜರ್ಟ್ರೂಡ್ ಊಟ ಮಾಡಲಿಲ್ಲ. "ಎರಡು ವರ್ಷ ನೋಡದೆ ಇದ್ರೆ ಹೀಗೇ," ಎಂದ ಸೈಮನ್. "ರಜೆಗೆ ಹೋಗ್ತೇವಲ್ಲ, ಸರಿಯಾಗ್ತದೆ."

ರಜೆಗೆ ಹೋದರು. ಜರ್ಟ್ರೂಡ್ ಶಾಲೆಯ ಟೀಚರನ್ನು ಕಂಡು, ದಿನಾ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಅಲ್ಲಿನ ಕೈಭಾಷೆ ಕಲಿಯಲು ಹೆಣಗಿದಳು. ಒಂದು ವಾಕ್ಯ ಕೂಡಿಸುವಷ್ಟರಲ್ಲಿ ಮಗಳ ಕಣ್ಣು ಬೇರೆಲ್ಲೋ ಹೋಗಿರುತ್ತಿತ್ತು. ಹಸಿವಾದರೂ ಹೊಟ್ಟೆನೋವಾದರೂ ಮೆಲನಿ ಹೋಗುತ್ತಿದ್ದುದು ಬ್ರಿಜಿಟ್‌ಳ ಹತ್ತಿರ. ತಿಂಗಳು ಮುಗಿಯಿತು. ಏರ್‌ಪೋರ್ಟಿನಲ್ಲಿ ಹುಡುಗಿ ಅತ್ತಳು, ಏನೋ ಹೇಳಿದಳು. ಅದನ್ನೂ ಬ್ರಿಜಿಟ್ ಬಿಡಿಸಿ ಹೇಳಬೇಕಾಯಿತು.

ಹಳ್ಳಿಗೆ ಲೈನಿನಿಂದ ಅನುಕೂಲವೇ ಆಯಿತು. ಆರೋಗ್ಯ ಕೇಂದ್ರದ ಎಕ್ಸ್‌ರೇ ದೋಹಾದ ಡಾಕ್ಟರಿಗೆ ಅಲ್ಲಿಂದಲೇ ಹೋಗತೊಡಗಿತು. ಬೇಡವೆಂದಿದ್ದ ಮುದುಕಿ ಪರದೆಯಲ್ಲಿ ಮೊಮ್ಮಕ್ಕಳನ್ನು ಗದರಿಸುತ್ತಿದ್ದಳು. ದಾರಿಯಲ್ಲಿ ಸಿಕ್ಕವರು ಸಿಸ್ಟರ್‌ಗೆ ಶುಕ್ರನ್ ಎಂದು ಧನ್ಯವಾದ ಹೇಳುತ್ತಿದ್ದರು. ಅವಳು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು.

ಮುಂದೊಂದು ಶುಕ್ರವಾರ ಮೆಲನಿಯ ಗೆಳತಿ ಜೆಸಿಕಾ ಬಂದಿದ್ದಳು. ಅವಳೂ ಅದೇ ಶಾಲೆಯವಳು. ಮೊದಲು ಇಬ್ಬರೂ ಕ್ಯಾಮೆರಾದತ್ತ ಕೈಬೀಸಿದರು, ಆಮೇಲೆ ಪರಸ್ಪರ ತಿರುಗಿ ಮಾತಿಗೆ ಬಿದ್ದರು. ನಾಲ್ಕು ಕೈಗಳು ಬಹಳ ವೇಗವಾಗಿ ಆಡುತ್ತಿದ್ದವು.

ಸೈಮನ್ ಹಿಂದೆ ಬಂದು ನಿಂತ. "ಎಂಥ ಹೇಳ್ತಿದ್ದಾರೆ?"

"ಗೊತ್ತಿಲ್ಲ," ಎಂದಳು ಜರ್ಟ್ರೂಡ್. "ನಗ್ತಾ ಇದ್ದಾಳೆ."

ಹುಡುಗಿಯರು ಎದ್ದು ಹೊರಗೆ ಹೋದರು. ಕ್ಯಾಮೆರಾ ಆರಿಸಲು ಮರೆತಿದ್ದರು. ಪರದೆಯಲ್ಲಿ ಖಾಲಿ ಕುರ್ಚಿ, ಬ್ರಿಜಿಟ್ ಮನೆಯ ಹಳದಿ ಗೋಡೆ, ಫ್ಯಾನಿನ ಗಾಳಿಗೆ ಅಲ್ಲಾಡುವ ಪರದೆಬಟ್ಟೆ, ಒಂದಿಷ್ಟೂ ನಿಲ್ಲದೆ, ಸ್ಪಷ್ಟವಾಗಿ ಬರುತ್ತಿದ್ದವು. ಜರ್ಟ್ರೂಡ್ ಅದನ್ನು ನೋಡುತ್ತ ಕುಳಿತೇ ಇದ್ದಳು.