ತಾತನ ನಾಯಿ ಮತ್ತು ನಾನು ಅಳೆದ ಹೆಜ್ಜೆ

ಮೊನ್ನೆ ಗುರುವಾರ ನಮ್ಮ ಹೆಡ್‌ಮೇಷ್ಟರು ಮೊಣಕಾಲಿಗೆ ಹೊಂಗೆ ಎಣ್ಣೆ ಹಚ್ಚಿಕೊಂಡು ಶಾಲೆಗೆ ಬಂದಿದ್ದರು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸರಗೂರಿನ ಎದುರುಮನೆ ತಾತ ನೆನಪಾದರು. ಅವರು ಒಂದೇ ಬಟ್ಟಲಿನ ಎಣ್ಣೆಯನ್ನು ಮೊದಲು ನಾಯಿಯ ಬೆನ್ನಿಗೆ, ಆಮೇಲೆ ತಮ್ಮ ಮೊಣಕಾಲಿಗೆ ತಿಕ್ಕುತ್ತಿದ್ದರು.

ನಾನಾಗ ಅಲ್ಲಿಗೆ ಹೊಸದಾಗಿ ಮೇಷ್ಟರಾಗಿ ಹೋಗಿದ್ದೆ. ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡುವ ಚಟ ಬೇರೆ. ಎಪ್ಪತ್ತು ದಾಟಿದ್ದ ತಾತ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾಯಿಯ ಜೊತೆ ಕೆರೆ ಏರಿಯ ತುದಿಯವರೆಗೆ ಹೋಗಿಬರುತ್ತಿದ್ದರು. ಆ ಜೂನ್ ತಿಂಗಳಲ್ಲಿ ಐವತ್ತೆಂಟು ಸಲ ಹೋಗಿದ್ದರು. ತಪ್ಪಿದ್ದು ಎರಡೇ ಸಲ, ಅದೂ ಮಳೆಯಿಂದ.

"ನಾ ಕುಂತ್ರೆ ಇದು ಬುಡಾಕಿಲ್ಲ ಕಣ್ರೀ ಮೇಷ್ಟ್ರೇ, ಪಂಚೆ ಕಚ್ಚಿ ಎಳೀತದೆ. ನಮ್ಮವಳೂ ಇಷ್ಟು ಕಾಟ ಕೊಟ್ಟಿರ್ನಿಲ್ಲ" ಎಂದು ನಗುತ್ತಿದ್ದರು.

ಜುಲೈ ಮೊದಲ ವಾರ ಊರಾಚೆ ಚಿರತೆ ಬಂದಿದೆಯೆಂಬ ಸುದ್ದಿ ಹಬ್ಬಿತು. ಮಾರನೆಯ ಬೆಳಿಗ್ಗೆ ಏರಿಯ ಕೆಸರಿನಲ್ಲಿ ದೊಡ್ಡ ಹೆಜ್ಜೆಯೊಂದನ್ನು ಕಂಡೆ. ದಾರ ಹಿಡಿದು ಅಳೆದೆ, ನಾಲ್ಕು ಬೆರಳಗಲ. ದಿನಚರಿಯಲ್ಲಿ ಅದರ ಚಿತ್ರವನ್ನೂ ಬರೆದು ತಾತನ ಮಗಳಿಗೆ ತೋರಿಸಿದೆ.

"ಮೇಷ್ಟ್ರೇ ಅಳ್ದು ತಂದವ್ರೆ, ಇನ್ನ ನೀನು ಒಸ್ಲು ದಾಟ್ಕೂಡ್ದು ಕಣಪ್ಪ" ಎಂದು ಆಕೆ ತಂದೆಗೆ ಹೇಳಿದರು. ಅವತ್ತಿನಿಂದ ನಾಯಿಯನ್ನು ನಡುಮನೆಯ ಕಂಬಕ್ಕೆ ಕಟ್ಟಿ, ಹೊಲಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗತೊಡಗಿದರು.

ಮೊದಲ ಕೆಲವು ದಿನ ತಾತ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದರು. ಹತ್ತನೆಯ ದಿನದ ಹೊತ್ತಿಗೆ ಅಲ್ಲೇ ಕುಳಿತುಬಿಟ್ಟರು. ಪಾದ ಊದಿಕೊಂಡಿತು, ಮುದ್ದೆ ಅರ್ಧಕ್ಕೆ ಉಳಿಯಿತು. ಹಗ್ಗ ಜಗ್ಗುತ್ತಿದ್ದ ನಾಯಿಯೂ ಸುಮ್ಮನಾಯಿತು… "ಅದ್ರ ಅಗ್ಗ ಕಾಣ್ತದೆ, ನಂದು ಕಾಣಾಕಿಲ್ಲ" ಎಂದರೊಮ್ಮೆ, ಕಿಟಕಿಯೊಳಗಿನಿಂದ. ನನ್ನ ಲೆಕ್ಕದಲ್ಲಿ ದಿನವೂ ಸೊನ್ನೆ.

ಇಪ್ಪತ್ತಮೂರನೆಯ ದಿನ, ಕಾಡಾನೆ ಹಿಡಿಯುವ ಖೆಡ್ಡಾದಲ್ಲಿ ಕೆಲಸ ಮಾಡಿ ಬಂದಿದ್ದ ಮುದುಕನೊಬ್ಬನಿಗೆ ಆ ಚಿತ್ರ ತೋರಿಸಿದೆ. ಬೆರಳುಗಳ ಮುಂದೆ ನಾನು ಹಾಕಿದ್ದ ನಾಲ್ಕು ಚುಕ್ಕೆಗಳ ಮೇಲೆ ಅವನು ಉಗುರಿಟ್ಟ.

"ಇವೇನು?"

"ಕೆಸರಲ್ಲಿ ಹಾಗೇ ಇತ್ತು."

"ಚಿರತೆ ಉಗುರ ಒಳಕ್ಕೆಳ್ಕಂಡು ನಡೀತದೆ ಮೇಷ್ಟ್ರೇ. ಇದು ನಾಯಿ ಎಜ್ಜೆ. ಕೆಸ್ರಲ್ಲಿ ಜಾರಿ ಅಗಲ ಆಗ್ಬುಟ್ಟದೆ, ಅಷ್ಟೆಯ."

ಆ ಏರಿಯ ಮೇಲೆ ದಿನವೂ ಓಡಾಡುತ್ತಿದ್ದ ನಾಯಿ ಒಂದೇ.

ಓಡಿಹೋಗಿ ತಾತನ ಮಗಳನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಆಕೆ ಒಳಗೆ ಹೋಗಿ ಹಗ್ಗ ಬಿಚ್ಚಿದರು. ನಾಯಿ ಬೀದಿಗೆ ನೆಗೆದು, ಹಿಂದಿರುಗಿ ನೋಡಿ, ಮತ್ತೆ ಒಳಗೆ ಬಂತು. ತಾತ ಏಳಲು ನೋಡಿದರು. ಕಾಲು ಊರಲು ಆಗಲಿಲ್ಲ. ನಾವಿಬ್ಬರೂ ಎತ್ತಿ ನಿಲ್ಲಿಸಿದರೂ ಹೊಸ್ತಿಲವರೆಗೇ ಆದದ್ದು.

"ಚಿರತೆ ಓಯ್ತಾ ಮೇಷ್ಟ್ರೇ?"

"ಹೋಯಿತು ತಾತ" ಎಂದೆ.

ಆಗಸ್ಟ್ ಮುಗಿಯುವ ಮೊದಲೇ ಅವರು ತೀರಿಕೊಂಡರು. ಆ ಊರು ಬಿಟ್ಟು ನನಗೆ ಈಗ ನಾಲ್ಕು ವರ್ಷ. ನಿಜ ಹೇಳಿದ್ದರೆ ಅವರು ಬೈಯುತ್ತಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು… ಆ ನಗುವಿಗೆ ಹೆದರಿ ಸುಳ್ಳು ಹೇಳಿದೆ.