ಹುಣಸೆಹಣ್ಣಿನಲ್ಲಿ ತೊಳೆದ ಬಸವನಹುಳಗಳು

ಮೊನ್ನೆ ರಾಯಚೂರಿನ ಮಗಳ ಮನೆಯಲ್ಲಿ ಹಿತ್ತಾಳೆ ತಂಬಿಗೆ ತಿಕ್ಕಲು ಹುಣಸೆಹಣ್ಣು ನೆನೆಹಾಕಿದ್ದೆ. ಕಿವುಚುವಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಟೀಚರಮ್ಮ ನೆನಪಾದರು.

ಆಗ ನಾವು ಅರಕೇರಾದಲ್ಲಿದ್ದೆವು. ಸುಗ್ಗಿ ಮುಗಿದ ಮೇಲೆ ಊರಲ್ಲಿ ಕೆಲಸವಿರುತ್ತಿರಲಿಲ್ಲ. ನಾನೂ ಗಂಡನೂ ತಮಿಳು ಸೀಮೆಗೆ ಗುಳೆ ಹೋಗಿ ಸುಣ್ಣದ ಕಲ್ಲಿನ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದೆವು. ಮದ್ದು ಹಾರಿಸಿದ ಮೇಲೆ ಬಿದ್ದ ಕಲ್ಲಿನಲ್ಲಿ ಬಸವನಹುಳದ ಚಿಪ್ಪುಗಳು ಸಿಗುತ್ತಿದ್ದವು. ಒಳಗೂ ಕಲ್ಲು, ಹೊರಗೂ ಕಲ್ಲು. ಕೆಲವು ಲಾಡಿನಂತೆ ದುಂಡಗೆ, ಕೆಲವು ಉದ್ದಕ್ಕೆ ತಿರುಚಿದ ಮೊಳೆಯಂತೆ. ಒಂದು ವರ್ಷ ಒಂದು ಹಿಡಿ ತಂದು ಮಗಳಿಗೆ ಆಡಲು ಕೊಟ್ಟೆ. ಆಕೆ ಶಾಲೆಯ ಕಟ್ಟೆಯ ಮೇಲೆ ಅವನ್ನು ಹರವಿಕೊಂಡು ಕೂತದ್ದನ್ನು ಟೀಚರಮ್ಮ ನೋಡಿದ್ದರು.

ಟೀಚರಮ್ಮ ಮಾನ್ವಿಯವರು. ಶಾಲೆಯ ಹಿಂದೆ ಬಾಡಿಗೆ ಖೋಲಿಯಲ್ಲಿ ಒಬ್ಬರೇ ಇದ್ದರು. ದೊಡ್ಡ ದನಿ. ಅವರು ಓಣಿಯಲ್ಲಿ ಬರುತ್ತಿದ್ದರೆ ಮಕ್ಕಳಿಗಿಂತ ಮೊದಲು ನಾವೇ ಸೆರಗು ಸರಿಮಾಡಿಕೊಳ್ಳುತ್ತಿದ್ದೆವು.

ಮಗಳು ಐದನೇ ಕ್ಲಾಸಿನಲ್ಲಿದ್ದಾಗ, ಊರಲ್ಲಿ ಆಕೆಯನ್ನು ನೋಡಿಕೊಳ್ಳುತ್ತಿದ್ದ ನಮ್ಮತ್ತೆ ತೀರಿಕೊಂಡ ಮೇಲೆ, ಆಕೆಯನ್ನೂ ಗುಳೆಗೆ ಕರೆದೊಯ್ಯಬೇಕೆಂದು ಗಂಡ ಹಟ ಹಿಡಿದ. ಒಂದು ಸಲ ಸುತ್ತಿಗೆ ಹಿಡಿದ ಕೈ ಮತ್ತೆ ಪಾಟಿ ಹಿಡಿಯುವುದಿಲ್ಲ. ದೊಡ್ಡ ಮಗನಲ್ಲಿ ಅದನ್ನು ಕಂಡಿದ್ದೆ. ಆದರೂ ಹೇಳಿ ಬರಲು ಶಾಲೆಗೆ ಹೋದೆ.

“ಹುಡುಗಿನ್ನ ಕರ್ಕೊಂಡು ಹೊಂಟೀವ್ರಿ,” ಎಂದೆ.

“ಅಲ್ಲಿ ಸಾಲಿ ಅದ ಏನು?”

“ಕಲ್ಲು ಅದಾವ್ರಿ.”

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ನನ್ನತ್ರ ಬಿಟ್ಟು ಹೋಗು.”

“ಒಬ್ಬರ ಮನ್ಯಾಗ ಪುಕ್ಕಟೆ ಉಣ್ಣಾಕ ಬಿಡಾಕಿ ಅಲ್ರಿ ನಾ.”

“ಪುಕ್ಕಟೆ ಅಂತ ಯಾರಂದ್ರಬೇ? ಆ ಕಲ್ಲಿನ ಬಸವನಹುಳ ಆರಿಸಿ ತಂದು ಕೊಡು. ಸಾಲಿ ಹುಡುಗರಿಗಿ ತೋರಸ್ತೀನಿ.”

ನಾವು ಕಲ್ಲು ಒಡೆಯುವ ಜಾಗದಲ್ಲಿ ಬಹಳ ಹಿಂದೆ ಸಮುದ್ರವಿತ್ತು, ಈ ಹುಳಗಳು ಅದರ ತಳದಲ್ಲಿ ಹರಿದಾಡುತ್ತಿದ್ದವು, ಕೆಸರಲ್ಲಿ ಹೂತು ಕಲ್ಲಾದವು ಎಂದು ಹೇಳಿದರು.

“ಈಗ ಆ ಸಮುದ್ರ ಎಲ್ಲಿ ಹೋತ್ರಿ?”

“ಹಿಂದಕ್ಕ ಸರೀತು.”

“ಅದಕ್ಕೂ ಗುಳೆ ತಪ್ಪಲಿಲ್ಲ ಅನ್ರಿ.”

ಟೀಚರಮ್ಮ ನಕ್ಕ ನಗು ಪಕ್ಕದ ಓಣಿಗೆ ಕೇಳಿಸಿರಬೇಕು. ಗಂಡ ಗೊಣಗಿದ. ಇದೊಂದು ವರ್ಷ ಮಾತ್ರ ಎಂದು ಒಪ್ಪಿದ.

ಕ್ವಾರಿಯಲ್ಲಿ ಉಣ್ಣುವ ಹೊತ್ತಿಗೆ ಎಲ್ಲರೂ ನೆರಳಿಗೆ ಹೋದರೆ ನಾನು ಬಿದ್ದ ಕಲ್ಲುಗಳಲ್ಲಿ ಹುಡುಕುತ್ತಿದ್ದೆ. “ಟೀಚರಮ್ಮಗ ಹುಳದ ಸಾರು ಮಾಡಿ ಹಾಕ್ತೀಯೇನಬೇ?” ಎಂದು ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ. ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಊರಿಗೆ ತಂದೆ.

ಮಣ್ಣು ಮೆತ್ತಿದ್ದನ್ನು ಅಂಥ ದೊಡ್ಡವರ ಕೈಗೆ ಹೇಗೆ ಕೊಡುವುದು? ಹಿತ್ತಾಳೆಗೆ ಹಾಕುವಂತೆ ಹುಣಸೆಹಣ್ಣಿನ ರಸದಲ್ಲಿ ನೆನೆಹಾಕಿದೆ. ಸಣ್ಣ ಗುಳ್ಳೆ ಏಳತೊಡಗಿದವು. ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟೆ. ಮುಂಜಾನೆ ನೋಡಿದರೆ ಗೆರೆಗಳೆಲ್ಲ ಕರಗಿ, ಮೈಮೇಲೆ ಬಿಳಿ ಪುಡಿ ಕೂತಿತ್ತು. ಮೊಳೆಯಂಥವುಗಳ ತುದಿ ಮುಟ್ಟಿದರೆ ಉದುರಿತು.

ಅವನ್ನೇ ಒಯ್ದು ಮುಂದಿಟ್ಟೆ. ಟೀಚರಮ್ಮ ಒಂದನ್ನು ಬೆಳಕಿಗೆ ಹಿಡಿದರು. ಬೆರಳಿಗೆ ಹತ್ತಿದ ಬಿಳಿ ಪುಡಿ ಒರೆಸಿಕೊಂಡರು. ಒಪ್ಪಿದ ಮಾತು ಮುರಿಯಿತು, ಇನ್ನು ಹುಡುಗಿ ನಮ್ಮ ಜೊತೆಗೇ... ಎಂದುಕೊಂಡು, “ಚೀಲ ತಗೋಬೇ, ಹೋಗೂಣು,” ಎಂದು ಮಗಳನ್ನು ಕರೆದೆ.

“ಏನ್ ಹಾಕಿ ತೊಳದಿ?”

“ಹುಣಸಿಹಣ್ಣ ರೀ.”

“ಕೋಟಿಗಟ್ಟಲೆ ವರ್ಷ ಮಣ್ಣಾಗ ಏನೂ ಆಗಲಾರದ ಉಳದಿದ್ವು. ನಿನ್ನ ಕೈಯಾಗ ಒಂದು ರಾತ್ರಿ ಉಳೀಲಿಲ್ಲಲ್ಲಬೇ!” ಎಂದರು. ಸಿಟ್ಟೋ ನಗುವೋ ತಿಳಿಯಲಿಲ್ಲ. ಆಮೇಲೆ ಆ ದೊಡ್ಡ ದನಿ ತೆಗೆದು, ಹೊರಗೆ ನಿಂತಿದ್ದ ನನ್ನ ಗಂಡನಿಗೂ ಕೇಳುವಂತೆ, “ಇವು ನಡಿಯಂಗಿಲ್ಲ. ಮುಂದಿನ ಸಲ ಮಣ್ಣ ಸಮೇತ ತರ್ರಿ. ಅಲ್ಲೀತನ ಹುಡುಗಿ ನನ್ನತ್ರ ಇರತಾಳ,” ಎಂದರು.

ಗಂಡ ತಲೆ ತಗ್ಗಿಸಿದ. ಹುಳದ ಬಾಕಿ ಉಳಿಸಿಕೊಂಡು ಮಗಳನ್ನು ಕರೆದೊಯ್ಯುವ, ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಅಲ್ಲ ಅವನು.

ಮರುವರ್ಷ ಮಣ್ಣಿನ ಸಮೇತ ತಂದೆ. ಇದರ ಬಾಯಿ ಒಡೆದಿದೆ ಎಂದರು. ಅದರ ಮರುವರ್ಷ ತಂದರೆ, ಇಂಥದ್ದು ಆಗಲೇ ಇದೆ, ಬೇರೆ ಥರದ್ದು ಬೇಕು ಎಂದರು. ಪ್ರತಿ ಸಲ ಒಂದು ಐಬು. ನಾನು ಓದಿದವಳಲ್ಲ, ಆದರೆ ದಡ್ಡಿಯೂ ಅಲ್ಲ. ಸುಮ್ಮನೆ ತಲೆಯಾಡಿಸಿ ಬರುತ್ತಿದ್ದೆ. ಮಗಳು ಅವರ ಒಲೆಯ ಮುಂದೆ ಉಂಡಳು, ಅವರ ಮಗ್ಗುಲಲ್ಲಿ ಮಲಗಿದಳು. ನಮ್ಮದು ಯಾವ ಓಣಿ, ಯಾವ ಜಾತಿ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಏಳನೆಯದು ಮುಗಿದ ಮೇಲೆ ತಾವೇ ದೇವದುರ್ಗದ ಹಾಸ್ಟೆಲಿಗೆ ಸೇರಿಸಿ ಬಂದರು. ಈಗ ಮಗಳು ದವಾಖಾನೆಯಲ್ಲಿ ನರ್ಸು.

ಹೋದ ತಿಂಗಳು ಟೀಚರಮ್ಮ ತೀರಿಕೊಂಡ ಸುದ್ದಿ ಬಂತು. ನಾನೂ ಮಗಳೂ ಬಸ್ಸು ಹಿಡಿದು ಮಾನ್ವಿಗೆ ಹೋದೆವು. ಅಂಗಳದ ತುಂಬ ಬಳಗದವರು. ಬಾಗಿಲಲ್ಲಿ ಅವರ ತಮ್ಮನ ಸೊಸೆ ತಡೆದು, “ನೀವು ಅವರಿಗಿ ಏನಾಗಬೇಕ್ರಿ?” ಎಂದು ಕೇಳಿದಳು. ಏನಾಗಬೇಕು ಎಂದು ಹೇಳಲಿ...

“ನನ್ನ ಬೆಳಸಿದಾಕಿ ರೀ ಅಕಿ,” ಎಂದಳು ಮಗಳು.

ಹಡೆದವಳು ನಾನು, ಮಗ್ಗುಲಲ್ಲೇ ನಿಂತಿದ್ದೆ. “ಹೌದ್ರಿ,” ಎಂದೆ.

ಆ ಹೆಣ್ಣುಮಗಳು ಸರಿದು ನಿಂತಳು. ಟೀಚರಮ್ಮನ ತಲೆಯ ಹತ್ತಿರ ಕೂತವರನ್ನು ಎಬ್ಬಿಸಿ ನಮಗೆ ಜಾಗ ಮಾಡಿಕೊಟ್ಟಳು.