ಕರಬಸಪ್ಪನವರ ಗುಮಾನಿ

ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ ನಡೆಸುವ ಕರಬಸಪ್ಪನವರಿಗೆ ದಮ್ಮಿಗಿಂತ ಗುಮಾನಿಯೇ ದೊಡ್ಡ ಕಾಯಿಲೆ. ಉಬ್ಬಸ ಬಂದಾಗ ಬಾಯಿಗೆ ಹಿಡಿದು ಎಳೆದುಕೊಳ್ಳುವ ದಮ್ಮಿನ ಪಂಪು ಅಂಗಿಯ ಕಿಸೆಯಲ್ಲೇ ಇರುತ್ತದೆ, ಬಳಸುವುದಿಲ್ಲ. "ಒಮ್ಮೆ ಬಾಯಿಗೆ ಹಚ್ಚಿದ್ರ ಅದು ನಮ್ಮನ್ನ ಬಿಡಂಗಿಲ್ರಿ" ಎನ್ನುತ್ತಾರೆ. ಹಾನಗಲ್ಲಿನ ಡಾಕ್ಟರು ಒಂದು ಸಲ, "ಒಬ್ಬೊಬ್ಬರ ದಮ್ಮಿಗೆ ಒಂದೊಂದು ಕಾರಣ ಇರತೈತಿ. ನಿಮ್ಮದು ಯಾವುದರಿಂದ ಏಳತೈತಿ, ನೀವ ಹುಡುಕ್ರಿ. ಅದಕ್ಕ ತಕ್ಕಂಗ ಔಷಧ ಕೊಡತೇನಿ" ಎಂದುಬಿಟ್ಟರು. ಅಂದಿನಿಂದ ಊರಿಗೆ ಊರೇ ಆರೋಪಿ. ಎದುರುಮನೆಯ ಊದುಬತ್ತಿ, ಹೆಂಡತಿ ಸರೋಜವ್ವನ ಮೆಣಸಿನಕಾಯಿ ಒಗ್ಗರಣೆ, ತಿಳವಳ್ಳಿ ಬಸ್ಸಿನಲ್ಲಿ ಪಕ್ಕ ಕುಳಿತವನ ಅತ್ತರು, ಕೊನೆಗೆ ಆ ಡಾಕ್ಟರು ಕೈ ತೊಳೆಯುವ ಸಾಬೂನು ಕೂಡ. ನೆರೆಮನೆಯವನಾದ ನನ್ನ ಟವೆಲ್ಲನ್ನು ಮೂಸಿ, "ಬೆಕ್ಕು ಸಾಕೀರೇನ್ರಿ?" ಎಂದು ಕೇಳಿದ್ದೂ ಉಂಟು. ಇಷ್ಟೆಲ್ಲ ವಿಚಾರಣೆ ನಡೆಯುವುದು ಗಿರಣಿಯ ಬಾಗಿಲಲ್ಲಿ, ಕಣ್ಣ ರೆಪ್ಪೆಗೂ ತೌಡಿನ ಧೂಳು ಮೆತ್ತಿಕೊಂಡು. "ಈ ಧೂಳ ಇರಬೇಕ್ರಿ" ಎಂದು ನಾನಂದರೆ ಅವರ ಕಣ್ಣು ಕಿರಿದಾಗುತ್ತದೆ: "ನಿಮಗ ಯಾರು ಹೇಳಿಕೊಟ್ರು? ಅಪ್ಪನ ಕಾಲದ ಗಿರಣಿ, ಅದೇನು ಮಾಡತೈತಿ." ಮೊನ್ನೆ ಸಂಜೆ ನಾನು ಅವರ ಮನೆಯಲ್ಲಿ ಕುಳಿತಿದ್ದಾಗ, ಆಗಷ್ಟೇ ಗಿರಣಿಯಿಂದ ಬಂದವರ ಕಡೆಗೆ ಮೊಮ್ಮಗಳು ಅಂಕಿತಾ "ಅಜ್ಜಾ" ಎಂದು ಓಡಿದಳು. ಅವರು ಕೈಯೆತ್ತಿ ಅವಳನ್ನು ದೂರವೇ ನಿಲ್ಲಿಸಿದರು. ಹಿತ್ತಲಿಗೆ ಹೋಗಿ ಅಂಗಿ ಕಳಚಿ, ತಲೆಯ ಮೇಲೆ ನೀರು ಸುರಿದುಕೊಂಡು, ಕಿವಿಯ ಹಿಂದೆಯೂ ತಿಕ್ಕಿ ತೊಳೆದು ಬಂದ ಮೇಲೆಯೇ ಕೂಸನ್ನು ಎತ್ತಿಕೊಂಡರು. "ಈಕಿ ಎದಿನೂ ಸುಂಯ್ ಸುಂಯ್ ಅಂತೈತ್ರಿ" ಎಂದರು, ನನ್ನ ಮುಖ ನೋಡದೆ.